ಬಾಯಿ ಕೂಡಿಸಿದ ಗಡಿಗೆಗಳು

ಕುಷ್ಟಗಿ ತಾಲೂಕು, ದಿಬ್ಬದ ಡೇರೆ
ಶನಿವಾರ, ೧೯ ಫೆಬ್ರುವರಿ ೧೯೪೪

ನನ್ನ ಪ್ರೀತಿಯ ಫಕೀರಕ್ಕಾ,

ನಿನ್ನ ತಮ್ಮ ಓಬಳೆಪ್ಪ ಕೈಮುಗಿದು ಬರೆಯುವುದು. ಹೇಗಿದ್ದೀ? ಈಶಪ್ಪ ಭಾವನವರ ಕೆಮ್ಮು ಈಗ ಹೇಗಿದೆ? ಸೊಲ್ಲಾಪುರದ ಗಿರಣಿಯ ಅರಳೆಯ ಧೂಳು ಎದೆಯಲ್ಲಿ ಕೂತರೆ ಬೇಗ ಬಿಡುವುದಿಲ್ಲ. ಪಾಳಿ ಮುಗಿಸಿ ಬಂದ ಕೂಡಲೇ ಬಿಸಿನೀರಿಗೆ ಬೆಲ್ಲ, ಚೂರು ಶುಂಠಿ ಹಾಕಿ ಕುಡಿಯಲು ಹೇಳು. ಲಡಾಯಿಯ ಕಾಲ, ಮೂರೂ ಪಾಳಿ ನಡೆಯುತ್ತಿವೆ ಎಂದು ಕೇಳಿದ್ದೇನೆ. ಹುಲಿಗ್ಯಾ ಸಾಲೆಗೆ ಸರಿಯಾಗಿ ಹೋಗುತ್ತಾನೋ, ಇಲ್ಲ ಇನ್ನೂ ಮಾಸ್ತರರ ಕಣ್ಣು ತಪ್ಪಿಸಿ ರೈಲು ನೋಡಲು ಓಡುತ್ತಾನೋ? ಅವನಿಗೆ ಎಂಟು ತುಂಬಿತು, ಅವನ ಮುಖ ಹೇಗಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಚಾಳಿನ ಹೆಂಗಸರ ಸಾಲೆಗೆ ನೀನೂ ಹೋಗುತ್ತೀ, ಈಗ ಅಕ್ಷರ ಕೂಡಿಸಿ ಓದುತ್ತೀ ಎಂದು ಭಾವನವರು ದೀಪಾವಳಿಗೆ ಬರೆದಿದ್ದರು. ನನಗಾದ ಹಿಗ್ಗಿಗೆ ಆ ಕಾಗದವನ್ನು ಹಾಸ್ಟೆಲಿನ ಎಲ್ಲರಿಗೂ ತೋರಿಸಿದೆ. ಅದಕ್ಕೇ ಇದನ್ನು ದಪ್ಪ ಅಕ್ಷರದಲ್ಲಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಬೇರೆ ಯಾರಿಂದಲೂ ಓದಿಸಬೇಡ. ಎರಡು ದಿನ ಹಿಡಿದರೂ ಚಿಂತೆಯಿಲ್ಲ, ನೀನೇ ಓದು, ಕೂತು ಓದು. ನಾಲ್ಕು ದಿನದಿಂದ ನಾನು ಬರೆಯಲು ಕೂಡುವುದು, ಏಳುವುದು ಇದೇ ಆಗಿದೆ.

ಎಲ್ಲ ತಿಳಿಯಬೇಕಾದರೆ ನನ್ನ ಕೆಲಸದಿಂದ ಶುರು ಮಾಡಬೇಕು. ನಾನು ಹೈದರಾಬಾದಿನ ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡದ್ದು ನಿನಗೆ ಗೊತ್ತು. ಪಾಠವೆಲ್ಲ ಉರ್ದುವಿನಲ್ಲಿ, ಸುಲ್ತಾನರು, ಲಡಾಯಿಗಳು, ಇಸವಿಗಳು. ಊರು ಯಾವುದೆಂದು ಯಾರಾದರೂ ಕೇಳಿ ನಾನು ಮಂಗಳೂರು ಎಂದರೆ, ಸಮುದ್ರ ಹೇಗಿರುತ್ತದೆ ಎನ್ನುತ್ತಾರೆ. ಅದು ಬೇರೆ, ನಮ್ಮದು ಯಲಬುರ್ಗಿಯ ಮಂಗಳೂರು, ಅಲ್ಲಿ ಇರುವುದು ಹಿರೇಹಳ್ಳ ಒಂದೇ ಎಂದು ಹೇಳಿ ಹೇಳಿ ಸಾಕಾಗಿದೆ. ಈ ಚಳಿಗಾಲದಲ್ಲಿ ಹಳೆಯ ದಿಬ್ಬಗಳನ್ನು ಅಗೆದು ನೋಡುವ ಒಬ್ಬ ಸಾಹೇಬರಿಗೆ ಕನ್ನಡ ಬಲ್ಲ ವಿದ್ಯಾರ್ಥಿಯೊಬ್ಬ ಬೇಕಾಗಿದ್ದ. ನಮ್ಮ ಪ್ರೊಫೆಸರರು ನನ್ನ ಹೆಸರು ಕೊಟ್ಟರು. ಸುದ್ದಿ ಕೇಳಿ ಅಪ್ಪ ಹಾರಾಡಿಬಿಟ್ಟ. “ನೆಲ ಅಗಿಯೂದು ಕಲಿಯಾಕ ಹೈದರಾಬಾದಿಗೆ ಹೋಗಬೇಕಿತ್ತೇನೋ? ನಮ್ಮ ಹೊಲದಾಗ ನಾನಽ ಕಲಿಸ್ತಿದ್ನಲ್ಲೋ!” ಎಂದ. ಅವ್ವ ಮಾತ್ರ ಅಗೆದು ಏನು ತೆಗೆಯುತ್ತೀರಿ ಎಂದು ಒಂದೇ ಮಾತು ಕೇಳಿದಳು. ಹಳೇ ಕಾಲದವರ ಸಾಮಾನು ಎಂದೆ. ಒಳಗೆ ಹೋದಳು.

ಇಲ್ಲಿ ನಾನು ಮೊದಲ ತಿಂಗಳು ಅಗೆಯಲೇ ಇಲ್ಲ. ಮಣ್ಣು ಜರಡಿ ಹಿಡಿಯುವುದು, ಬೋಕಿಗಳನ್ನು, ಎಂದರೆ ಒಡೆದ ಗಡಿಗೆಯ ಚೂರುಗಳನ್ನು, ತೊಳೆದು ಒಣಗಿಸಿ ಒಂದೊಂದಕ್ಕೂ ನಂಬರು ಬರೆಯುವುದು, ಇಷ್ಟೇ. ಕನಸಿನಲ್ಲೂ ಬೋಕಿ ತೊಳೆಯುತ್ತಿದ್ದೆ. ಕೂಲಿಕಾರರ ಮೇಲ್ವಿಚಾರಣೆ ನೋಡುವವರು ಯಮನೂರಸಾಬ ಎಂಬ ಹಿರಿಯರು. ಹತ್ತು ವರ್ಷದಿಂದ ಇಂಥ ದಿಬ್ಬಗಳಲ್ಲೇ ಇರುವವರು. ಕಾಲೇಜಿನಲ್ಲಿ ಯಾರೂ ಕಲಿಸದ್ದನ್ನು ಅವರು ಕಲಿಸಿದರು. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ತುಳಿದ ನೆಲ ಯಾವುದು, ಮಳೆಗೆ ಕುಸಿದ ಗೋಡೆ ಯಾವುದು ಎಂದು ಚಾಕುವಿನ ತುದಿಯಿಂದ ಕೆರೆದು ತೋರಿಸುವರು. ನಾನು ಅವಸರ ಮಾಡಿದರೆ, “ಯಾಕ ಓಡ್ತೀಯೋ ಹುಡುಗಾ, ಅವರೇನು ಎದ್ದು ಹೊಂಟಾರೇನು?” ಎನ್ನುವರು. ಸಾಹೇಬರು ಬುಟ್ಟಿ ಹೊರಲು ಹೆಣ್ಣಾಳು ಬೇಕು ಎಂದಾಗ ನಾನೇ ಊರಿಗೆ ಹೇಳಿ ಕಳಿಸಿದೆ. ಶೇಂಗಾ ಕಿತ್ತು ಮುಗಿದಿತ್ತು, ಆರು ಜನ ಬಂದರು. ಅವರ ಜೊತೆ ಪಾರಮ್ಮನೂ ಬಂದಳು. ಹೌದು ಅಕ್ಕಾ, ನಿನ್ನ ಮೊದಲ ಹೆರಿಗೆ ಮಾಡಿಸಿದ ಸೂಲಗಿತ್ತಿ ಪಾರಮ್ಮ. ಹಲ್ಲು ಒಂದೂ ಉಳಿದಿಲ್ಲ, ಆದರೂ ಬುಟ್ಟಿ ಹೊತ್ತು ಹುಡುಗಿಯರಿಗಿಂತ ಮುಂದೆ ನಡೆಯುತ್ತಾಳೆ.

ಹೋದ ವಾರದ ಬುಧವಾರ ನನ್ನ ಪಾಲಿನ ಕುಣಿಯಲ್ಲಿ ಆಳೆತ್ತರದ ಕೆಳಗೆ ಒಂದು ಮನೆಯ ನೆಲ ಸಿಕ್ಕಿತು. ಯಾರೋ ಗಟ್ಟಿಸಿ ಸಾರಿಸಿದ ನೆಲ. ಕಂಬ ನೆಟ್ಟ ಕುಳಿಗಳು ದುಂಡಗೆ ಸುತ್ತುವರಿದಿದ್ದವು, ನಡುವೆ ಒಲೆಯ ಮೂರು ಕಲ್ಲು. ಎರಡು ಮೂರು ಸಾವಿರ ವರ್ಷದ ಹಿಂದೆ ಯಾರೋ ಹೆಣ್ಣುಮಗಳು ಈ ಒಲೆಯ ಮುಂದೆ ಕೂತಿದ್ದಳು, ಅವಳ ಮನೆಯೊಳಗೆ ನಾನು ಮೊದಲಿಗನಾಗಿ ಕಾಲಿಟ್ಟಿದ್ದೇನೆ ಎನ್ನಿಸಿತು. ಆ ನೆಲದ ಒಂದು ಅಂಚಿನಲ್ಲಿ, ಗೋಡೆಯ ಬುಡದಲ್ಲಿ, ಮಣ್ಣಿನ ಬಣ್ಣ ಸ್ವಲ್ಪ ಬೇರೆ ಇತ್ತು. ಯಮನೂರಸಾಬರು ಕೂತು ನೋಡಿದರು. “ಇಲ್ಲಿ ಯಾರೋ ಅಗದು ಮತ್ತ ಮುಚ್ಯಾರ. ನೀನಽ ತಗಿ, ನಿನ್ನ ಕೈಯಾಗಿಂದು ಮೊದಲನೇದ್ದು ಆಗ್ಲಿ” ಎಂದರು. ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೂ ಮರೆತು ಕೆರೆದೆ. ಒಂದು ಬೂದು ಬಣ್ಣದ ಗಡಿಗೆಯ ಮೈ ಕಾಣಿಸಿತು. ಅದರ ಎದುರಿಗೆ ಇನ್ನೊಂದು. ಎರಡನ್ನೂ ಅಡ್ಡ ಮಲಗಿಸಿ ಬಾಯಿಗೆ ಬಾಯಿ ಕೂಡಿಸಿ ಇಟ್ಟಿದ್ದರು. ನಾನು ಕೂಗಿದ ಕೂಗಿಗೆ ದಿಬ್ಬದ ಮೇಲಿನವರೆಲ್ಲ ಕೆಲಸ ಬಿಟ್ಟು ಬಂದರು. ಬಂಗಾರ ಸಿಕ್ಕಿತೆಂದುಕೊಂಡರು. ಸುಳ್ಳೇಕೆ ಹೇಳಲಿ, ನಾನೂ ಹಾಗೆಯೇ ಅಂದುಕೊಂಡೆ. ಒಂದೆರಡು ಮಣಿಯಾದರೂ ಇದ್ದೀತು ಎಂದು.

ಸಾಹೇಬರು ಬಂದರು. ಅಳತೆ ತೆಗೆದು ಚಿತ್ರ ಬರೆದುಕೊಂಡು, ಮೇಲಿನ ಬದಿ ಬಿರುಕು ಬಿಟ್ಟ ಚೂರುಗಳನ್ನು ಒಂದೊಂದಾಗಿ ಎತ್ತಲು ಹೇಳಿದರು. ಒಳಗೆ ಮಣ್ಣು ತುಂಬಿತ್ತು. ಬಿದಿರಿನ ಚಕ್ಕೆಯಿಂದ ಸರಿಸುತ್ತ, ಕುಂಚದಿಂದ ಒರೆಸುತ್ತ ಹೋದೆ. ಬಿಳಿಯ ಸಣ್ಣ ಸಣ್ಣ ಕಡ್ಡಿಗಳು ಕಂಡವು. “ಕೋಳಿ ಎಲುಬು ನೋಡ್ರಿ, ಅಡಗಿ ಮಾಡಿಟ್ಟು ಉಣ್ಣೂದು ಮರ್ತಾರ!” ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಕುಣಿಯೊಳಗೆ ಇಳಿದು ಮಂಡಿಯೂರಿ ಕೂತು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, “ಬಚ್ಚಾ ಹೈ” ಎಂದರು. ಕೂಸು. ನನಗೆ ಅರ್ಥವಾಯಿತು, ಆದರೂ ಅರ್ಥವಾಗಲಿಲ್ಲ. ನನ್ನ ಕುಂಚ ಯಾವುದರ ಮೇಲಿದೆಯೆಂದು ಆಗ ನೋಡಿದೆ. ಅದು ಹಣೆ, ಅಕ್ಕಾ. ಒಣಗಿದ ಹಪ್ಪಳದಷ್ಟು ತೆಳ್ಳಗೆ. ದವಡೆಯೊಳಗೆ ಇನ್ನೂ ಮೂಡದ ಹಲ್ಲುಗಳು. ಬೆರಳಿನ ಎಲುಬುಗಳು ಒಂದೊಂದೂ ಜೋಳದ ಕಾಳಿನಷ್ಟು. ಮೊಳಕಾಲು ಮಡಚಿ, ತಲೆ ಒಂದು ಗಡಿಗೆಯಲ್ಲಿ, ಕಾಲು ಇನ್ನೊಂದರಲ್ಲಿ, ಬಸಿರಿನಲ್ಲಿ ಇದ್ದ ಹಾಗೆಯೇ ಇತ್ತು. ನಾನು ನಕ್ಕ ನಗು ಕಿವಿಯಲ್ಲೇ ಉಳಿದಿತ್ತು.

ಮೇಲೆ ನಿಂತಿದ್ದ ಪಾರಮ್ಮ ಬುಟ್ಟಿ ಇಳಿಸಿದಳು. ಯಾರನ್ನೂ ಕೇಳದೆ ಕುಣಿಗೆ ಇಳಿದು ಬಂದು, ಸೆರಗು ಬಿಡಿಸಿ ಆ ಗಡಿಗೆಯ ಮೇಲೆ ನೆರಳು ಮಾಡಿ ಹಿಡಿದಳು. “ಇದನ್ನ ಯಾಕ ತಗದ್ರಿ, ಯಪ್ಪಾ? ಇದರವ್ವ ಮನ್ಯಾಗ ಇಟ್ಕೊಂಡಾಳಲ್ಲ” ಎಂದಳು. ಸಾಹೇಬರು ಸಿಟ್ಟಾಗಲಿಲ್ಲ. ಇದು ಎರಡು ಮೂರು ಸಾವಿರ ವರ್ಷ ಹಿಂದಿನದು, ಇದರ ತಾಯಿಯೂ ಇಲ್ಲ, ಆ ಊರೂ ಇಲ್ಲ ಎಂದು ಉರ್ದುವಿನಲ್ಲಿ ಹೇಳಿದರು. ಯಮನೂರಸಾಬರು ಅದನ್ನೇ ಕನ್ನಡದಲ್ಲಿ ಹೇಳಿದರು. ಪಾರಮ್ಮ ಕೇಳಿಸಿಕೊಂಡು, “ಅಷ್ಟು ವರ್ಷ ಆದ್ರ ಅದು ಕೂಸು ಅಲ್ಲೇನ್ರಿ?” ಎಂದಳು. ಹೊತ್ತು ಇಳಿಯುವ ಮೊದಲೇ ಆ ದಿನದ ಕೆಲಸ ನಿಂತಿತು.

ಮರುದಿನ ಹೆಂಗಸರು ಯಾರೂ ದಿಬ್ಬಕ್ಕೆ ಬರಲಿಲ್ಲ. ನಿನ್ನ ಊರಿನವರು, ನೀನೇ ಮಾತಾಡಿ ಕರೆದುಕೊಂಡು ಬಾ ಎಂದು ಸಾಹೇಬರು ನನ್ನನ್ನು ಕಳಿಸಿದರು. ಎಲ್ಲರೂ ಬನ್ನಿಗಿಡದ ಕೆಳಗೆ ಕೂತಿದ್ದರು. ನಾನು ಕಾಲೇಜಿನಲ್ಲಿ ಕಲಿತ ಮಾತನ್ನೆಲ್ಲ ಹೇಳಿದೆ. ಇದು ವಿದ್ಯೆ, ಹಿಂದಿನವರು ಹೇಗೆ ಬಾಳಿದರು ಎಂದು ತಿಳಿಯಬೇಕಾದರೆ ಹೀಗೆಯೇ ತಿಳಿಯಬೇಕು ಎಂದೆ. ಪಾರಮ್ಮ ನನ್ನನ್ನೇ ನೋಡುತ್ತ, “ತಿಳಿಯಾಕ ಅಗೀಬೇಕೇನೋ ತಮ್ಮಾ? ನನ್ನನ್ನ ಕೇಳಿದ್ರ ಹೇಳ್ತಿದ್ನಲ್ಲ” ಎಂದಳು. ಆಮೇಲೆ ಹೇಳಿದಳು. ಹಲ್ಲು ಬರುವ ಮೊದಲೇ ಹೋದ ಕೂಸನ್ನು ಹೊರಗೆ ಮಣ್ಣು ಮಾಡಿದರೆ ನಾಯಿ ನರಿ ಬಿಡುವುದಿಲ್ಲ. ಅದಕ್ಕೆ ಎರಡು ಹೊಸ ಗಡಿಗೆ ತಂದು, ಕೂಸಿಗೆ ಎಣ್ಣೆ ಹಚ್ಚಿ ಎರೆದು ಒಳಗೆ ಮಲಗಿಸಿ, ಬಾಯಿಗೆ ಬಾಯಿ ಹಚ್ಚಿ, ಸಂದಿಗೆ ಕೆಸರು ಮೆತ್ತಿ, ಮನೆಯೊಳಗೇ ಇಡುತ್ತಾರೆ. “ಹೊಟ್ಟಿ ಇದ್ದಂಗ ಅದು. ಬೆಚ್ಚಗ ಇರ್ತೈತಿ. ಮನೀ ಬಿಟ್ಟು ಹೋಗಿಲ್ಲಂದ್ರ ತಿರುಗಿ ಅದಽ ಹೊಟ್ಟೀಗೆ ಬರ್ತೈತಿ” ಎಂದಳು. ಗಂಡಸರಿಗೆ ಇದು ಗೊತ್ತಿರುವುದಿಲ್ಲವಂತೆ. ಬಾಣಂತಿಯ ಕೋಣೆಯ ಮಾತು ಅವರಿಗೆ ಯಾರು ಹೇಳುತ್ತಾರೆ?

ನಾನು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದೆ. ಸಾಹೇಬರಿಗೆ ತೋರಿಸಿದರೆ ಶಾಬಾಸ್ ಎನ್ನುತ್ತಾರೆ ಎಂಬ ಆಸೆ. ಯಾವ ಊರಿನಲ್ಲಿ, ಯಾರ ಮನೆಯಲ್ಲಿ ನೀನು ಹೀಗೆ ಇಟ್ಟದ್ದುಂಟು ಎಂದು ಕೇಳಿದೆ. ಪಾರಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. “ಯಾರ ಮನ್ಯಾಗ ಅಂತ ಕೇಳ್ತೀಯಲ್ಲೋ. ನಿಮ್ಮ ಮನ್ಯಾಗಽ ಐತಿ. ಪಡಸಾಲಿ ಬಡಗಣ ಮೂಲ್ಯಾಗ, ಈ ಕೈಲೇನಽ ಇಟ್ಟೀನಿ” ಎಂದಳು. ಯಾರ ಕೂಸು ಎಂದೆ. “ಯಾರದು ಅಂದ್ರ? ಫಕೀರವ್ವಂದು.”

ಅಕ್ಕಾ, ಇಲ್ಲಿ ಸ್ವಲ್ಪ ನಿಲ್ಲು. ಬೇಕಾದರೆ ನೀರು ಕುಡಿ. ಇದನ್ನು ಬರೆಯುವಾಗ ನಾನೂ ಎದ್ದು ಹೊರಗೆ ಹೋಗಿ ಬಂದೆ.

ಆಗ ನನಗೆ ಒಂಬತ್ತು ವರ್ಷ. ಕೂಸು ಸತ್ತೇ ಹುಟ್ಟಿತು, ಸಣ್ಣವ್ವಜ್ಜಿ ಅದನ್ನು ತುಂಬಿ ಹರಿಯುವ ಹಿರೇಹಳ್ಳಕ್ಕೆ ಬಿಟ್ಟಳು ಎಂದೇ ನನಗೂ ಹೇಳಿದ್ದು. ಬಾಣಂತಿ ಜ್ವರ ಬಿಟ್ಟ ಮೇಲೆ ನೀನು ದಿನಾಲೂ ಹಳ್ಳದ ದಂಡೆಗೆ ಹೋಗಿ ಕೂಡುತ್ತಿದ್ದೆ. ನೆರೆ ಇಳಿದ ಮೇಲೆ ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡ ಬಟ್ಟೆಯ ಚೂರುಗಳನ್ನೆಲ್ಲ ಬಿಡಿಸಿ ಬಿಡಿಸಿ ನೋಡುತ್ತಿದ್ದೆ. ಭಾವನವರು ಬಂದು ಕರೆದುಕೊಂಡು ಹೊರಟ ದಿನ ಬಾಗಿಲಲ್ಲಿ ನಿಂತು, “ಕೂಸಿನ ಮಾರಿ ತೋರಿಸದಽ ನೀರಿಗೆ ಹಾಕಿದ ಮನ್ಯಾಗ ನಾ ಮತ್ತ ಕಾಲಿಡೂದಿಲ್ಲ” ಎಂದೆ. ಹನ್ನೆರಡು ವರ್ಷವಾಯಿತು, ನಿನ್ನ ಮಾತು ನಡೆಸಿದ್ದೀ. ನಿನ್ನನ್ನು ಹಟಮಾರಿ ಎಂದು ನಾನೂ ಬೈದುಕೊಂಡದ್ದುಂಟು. ಆ ಕೂಸು ಮನೆಯೊಳಗೇ ಇತ್ತು ಎಂದು ಪಾರಮ್ಮ ಹೇಳುತ್ತಿದ್ದರೆ ನನಗೆ ಅವಳ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದು ನೆನಪಿದೆ, ಕಿರುಚಿದೆನಂತೆ. ಅವಳು ಹೇಳಿದ್ದು ಇಷ್ಟು: “ಅಕೀಗೆ ಸನ್ನಿ ಆಗಿತ್ತು. ಓಣ್ಯಾಗ ಒಬ್ಬಾಕಿ ಇಟ್ಟ ಕೂಸನ್ನ ಮೂರು ಸಲ ಅಗದು ತಗದು, ಎದಿಗೆ ಹಚ್ಕೊಂಡು, ಹುಚ್ಚು ಹಿಡದು ಸತ್ತಿದ್ಲು. ಇಕಿನೂ ಹಂಗಽ ಆಗ್ತಾಳ, ಹಳ್ಳಕ್ಕ ಹೋತು ಅನ್ರಿ, ಹುಡಿಕ್ಯಾಡಿ ಸುಮ್ಮನಾಗ್ತಾಳ ಅಂತ ನಿಮ್ಮ ಸಣ್ಣವ್ವಜ್ಜಿ ಆಣಿ ಹಾಕಿದ್ಲು. ನಿಮ್ಮವ್ವ ಅಕೀ ಸೊಸಿ, ಏನು ಮಾಡ್ಯಾಳು?”

ಮರುದಿನ ಶುಕ್ರವಾರ, ನಮಗೆ ರಜೆ. ಸಾಹೇಬರಿಗೆ ಮನೆಯಲ್ಲಿ ಅರ್ಜೆಂಟಿದೆ ಎಂದಷ್ಟೇ ಹೇಳಿ ನಸುಕಿನಲ್ಲೇ ಹೊರಟೆ. ಅರ್ಧ ದಾರಿ ಕಾಲ್ನಡಿಗೆ, ಅರ್ಧ ಹತ್ತಿಯ ಗಾಡಿ. ದಾರಿಯುದ್ದಕ್ಕೂ ಅವ್ವ ಹಾಸಿಗೆ ಹಾಸುವ ಜಾಗ ಕಣ್ಣ ಮುಂದೆ. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಮಲಗಿದರೆ ಅವ್ವ ಒಬ್ಬಳೇ ಒಳಗೆ, ಆ ಧಗೆಯಲ್ಲಿ, ಪಡಸಾಲೆಯ ಬಡಗಣ ಮೂಲೆಯಲ್ಲಿ ಮಲಗುತ್ತಿದ್ದಳು. ಜೋಳ ಕಾಯುತ್ತಾಳೆ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ನಾವು ನಗುತ್ತಿದ್ದೆವು.

ಹೊತ್ತು ಇಳಿಯುವಾಗ ಮನೆ ಮುಟ್ಟಿದೆ. ಕಟ್ಟೆಯ ಮೇಲೆ ಅಪ್ಪ ತಲೆಗೆ ಕೈ ಹೊತ್ತು ಕೂತಿದ್ದ. ಪಕ್ಕದಲ್ಲಿ ಯಾರದೋ ಮನೆಯಿಂದ ತಂದ ಹಾರೆ, ಎರಡು ಗುದ್ದಲಿ. ನನ್ನನ್ನು ಕಂಡದ್ದೇ ಎದ್ದ. “ಛಲೋ ಆತು ಬಂದಿ. ನಿಮ್ಮವ್ವಗ ಏನೋ ಬಡದೈತಿ. ಎಲ್ಡು ದಿನಾತು, ರೊಟ್ಟಿ ಮುಟ್ಟಿಲ್ಲ, ಆ ಮೂಲಿ ಬಿಟ್ಟು ಏಳವಲ್ಲಳು” ಎಂದ. ಆದದ್ದು ಏನೆಂದರೆ, ಊರ ಹೊರಗಿನ ನಮ್ಮ ಹಗೇವಿಗೆ, ಜೋಳ ತುಂಬಿಡುವ ಆ ನೆಲದ ಕುಣಿಗೆ, ಹೋದ ಮಳೆಗಾಲದಲ್ಲಿ ನೀರು ಬಂದು ಕಾಳೆಲ್ಲ ಕೊಳೆತಿತ್ತು. ಈ ಸುಗ್ಗಿಗೆ ಮುಂಚೆ ಮನೆಯೊಳಗೇ ಒಂದು ಹಗೇವು ತೆಗೆಯಬೇಕೆಂದು ಅಪ್ಪ ನಿಶ್ಚಯಿಸಿ, ಅಗೆಯುವವರನ್ನು ಗೊತ್ತು ಮಾಡಿದ್ದ. ಜಾಗ ಯಾವುದು ಗೊತ್ತೇ? ಪಡಸಾಲೆಯ ಬಡಗಣ ಮೂಲೆ. ನೆಲ ಅಲ್ಲಿ ಮೆತ್ತಗಿದೆ, ಬೇಗ ಇಳಿಯುತ್ತದೆ ಎಂದ. ಯಾಕೆ ಮೆತ್ತಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ನಾನು ಚೀಲ ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದೆ. ಅವ್ವ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕೂದಲು ಕೆದರಿತ್ತು. ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು. ಅದರ ಬಾಯಿಂದ ನನ್ನ ಚಾಕು, ಕುಂಚಗಳ ಹಿಡಿ ಹೊರಗೆ ಕಾಣುತ್ತಿದ್ದವು. ಒಮ್ಮೆಲೇ ಅವಳ ಕಣ್ಣು ಅಗಲವಾದವು. “ನಿನ್ನೂ ಕರಿಸ್ಯಾರೇನು? ಅಗಿಯಾವ್ರನ್ನ ಕರಿಸೂದು ಸಾಲದಽ ನಿನ್ನನ್ನೂ ಕರಿಸ್ಯಾರೇನು?” ಎನ್ನುತ್ತ ಎರಡೂ ಕೈ ಚಾಚಿ ಆ ನೆಲದ ಮೇಲೆ ಬೋರಲಾಗಿ ಮಲಗಿಬಿಟ್ಟಳು. ಹೆತ್ತವ್ವ ನನಗೆ ಹೆದರಿ ನೆಲಕ್ಕೆ ಅವಚಿಕೊಂಡದ್ದನ್ನು ನಾನು ಕಂಡೆ, ಅಕ್ಕಾ. ಇದಕ್ಕಿಂತ ದೊಡ್ಡ ಪೆಟ್ಟು ನನಗೆ ಯಾರೂ ಕೊಟ್ಟಿಲ್ಲ. ಚೀಲವನ್ನು ಅಂಗಳಕ್ಕೆ ಎಸೆದು ಬಂದು ಅವಳ ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈ ಇಟ್ಟೆ. “ಅವ್ವಾ, ನಾ ಅಗಿಯಾಕ ಬಂದಿಲ್ಲ. ಪಾರಮ್ಮ ಎಲ್ಲಾ ಹೇಳ್ಯಾಳ” ಎಂದೆ. ಆಮೇಲೆ ಎದ್ದು ಕೂತು ಸೆರಗಿನಿಂದ ನೆಲ ಒರೆಸಿದಳು, ಮಗುವಿನ ಮುಖ ಒರೆಸುವ ಹಾಗೆ.

ಅವಳು ಮಾತಾಡಿದ್ದನ್ನೆಲ್ಲ ನಾನು ಬರೆಯಲಾರೆ, ಅರ್ಧ ಅಳುವಿನಲ್ಲೇ ಹೋಯಿತು. ತಿಳಿದಷ್ಟನ್ನು ಬರೆಯುತ್ತೇನೆ. “ಅತ್ತಿ ಇರೂತನಾ ಬಾಯಿ ಬಿಡಾಕ ಆಗಲಿಲ್ಲ. ಅತ್ತಿ ಸತ್ತ ಮ್ಯಾಲೆ ಹೇಳೂನು ಅಂದೆ. ಅಷ್ಟೊತ್ತಿಗೆ ಅಕಿ ನಮ್ಮನ್ನ ಮರ್ತಿದ್ಲು. ಸೊಲ್ಲಾಪುರಕ್ಕ ಹೋಗಿ ಯಾವ ಬಾಯಿಲೆ ಹೇಳ್ಲಿ? ನಿನ್ನ ಕೂಸು ಹಳ್ಳದಾಗಿಲ್ಲ, ನಾ ನಿನಗ ಸುಳ್ಳು ಹೇಳಿದ್ದೆ ಅಂತ ಹೇಳ್ಲ್ಯಾ?” ಎಂದಳು. ಎರಡನೇ ಹೆರಿಗೆಗೆ ನೀನು ತವರಿಗೆ ಬರುತ್ತೀ ಎಂದು ಕಾದು, ನೀನು ಬರಲಿಲ್ಲವಾದಾಗ, ಇದೇ ಮೂಲೆಯಲ್ಲಿ ಒಂದು ಬಟ್ಟಲು ಹಾಲಿಟ್ಟು ನಿನ್ನ ಬಾಣಂತನ ಸುಸೂತ್ರವಾಗಲಿ ಎಂದು ಬೇಡಿಕೊಂಡಳಂತೆ. ಹುಲಿಗ್ಯಾ ಹುಟ್ಟಿದ ಸುದ್ದಿ ಬಂದಾಗ ಅದೇ ಜೀವ ತಿರುಗಿ ಬಂತು ಎಂದು ತನ್ನೊಳಗೇ ಹಿಗ್ಗಿದಳಂತೆ. ನೋಡಲು ಮಾತ್ರ ಸಿಗಲಿಲ್ಲ.

ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದು ನಮಗೆ ಗೊತ್ತಾಗಲಿಲ್ಲ. ಅವನಿಗೂ ಹಳ್ಳಕ್ಕೆ ಬಿಟ್ಟ ಮಾತನ್ನೇ ಹೇಳಿದ್ದರು. ಚೌಕಟ್ಟು ಹಿಡಿದುಕೊಂಡು ನಿಂತಿದ್ದ. “ಮೊದಲ ನೆರಿ ಬಂದಾಗೆಲ್ಲ ನಾ ವರ್ಷಾ ಹಳ್ಳಕ್ಕ ಕಾಯಿ ಬಿಟ್ಟು ಬರ್ತಿದ್ದೆ. ತಣ್ಣಗ ಇರವ್ವಾ ಅಂತಿದ್ದೆ. ಇಲ್ಲೇ ಇತ್ತೇನು? ನಾ ಇದರ ಮ್ಯಾಲೇ ಹಾದಾಡಿದೆನೇನು?” ಎಂದ. ಅಪ್ಪ ಗಂಗೆಗೆ ಕಾಯಿ ಬಿಡುತ್ತಾನೆಂದು ನಾವು ತಿಳಿದಿದ್ದೆವು, ನಿನ್ನ ಕೂಸಿಗೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಅವ್ವ ತಲೆ ಎತ್ತಿ ಅವನನ್ನು ನೋಡಿದಳು. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಆ ಕೂಸನ್ನು ನೆನೆದಿದ್ದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಮೂಲೆಯಿಂದ ಒಂದು ಮಾರು ದೂರ ಕೂತ. ಆಮೇಲೆ ಎದ್ದು ಹೋಗಿ ಹಾರೆ, ಗುದ್ದಲಿಗಳನ್ನು ಹೆಗಲ ಮೇಲೆ ಹೊತ್ತು, ಅವು ಯಾರ ಮನೆಯವೋ ಅವರಿಗೆ ತಿರುಗಿ ಕೊಟ್ಟು ಬಂದ. ಅಂದು ಅವ್ವ ಅರ್ಧ ರೊಟ್ಟಿ ತಿಂದಳು, ನಾನು ಮುರಿದು ಕೊಟ್ಟೆ.

ಎರಡು ದಿನ ಇದ್ದು ಸೋಮವಾರ ಡೇರೆಗೆ ಬಂದೆ. ಹೆಂಗಸರು ಕೆಲಸಕ್ಕೆ ತಿರುಗಿ ಬಂದಿದ್ದರು, ಆದರೆ ನನ್ನ ಕುಣಿಯ ಕಡೆ ಮಾತ್ರ ಯಾರೂ ಸುಳಿದಿರಲಿಲ್ಲ. ಆ ಗಡಿಗೆಗಳನ್ನು ಹೈದರಾಬಾದಿಗೆ ಕಳಿಸಲು ಅರಳೆ ಹಾಸಿದ ಪೆಟ್ಟಿಗೆ ತಯಾರಾಗಿತ್ತು. ಪಾರಮ್ಮ ಬಂದು ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಮುಂದಿಟ್ಟು, “ಅರಳಿ ಚುಚ್ಚತೈತಿ, ಇದರಾಗ ಸುತ್ತ್ರಿ” ಎಂದಳು. ಬಣ್ಣದ ಬಟ್ಟೆ ಹಳೆಯ ಎಲುಬಿಗೆ ತಾಗಬಾರದು ಎಂದು ಸಾಹೇಬರು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ, ಪೆಟ್ಟಿಗೆಯ ಮುಂದೆ ಕೂತೇಬಿಟ್ಟಳು. ಕೊನೆಗೆ ಸಾಹೇಬರು ಒಳಗೆ ಅರಳೆಯನ್ನೇ ಇಟ್ಟು, ಗಡಿಗೆಗಳ ಹೊರಗೆ ಆ ಸೆರಗು ಸುತ್ತಲು ಹೇಳಿದರು. ಇಬ್ಬರೂ ಅರ್ಧರ್ಧ ಸೋತರು. ಆ ಕೂಸನ್ನು ತಿರುಗಿ ಅದರ ಮನೆಯಲ್ಲೇ ಇಡಿಸಲು ನನ್ನಿಂದ ಆಗಲಿಲ್ಲ. ಇದು ನನ್ನ ಎದೆಯಲ್ಲಿ ಇದ್ದೇ ಇರುತ್ತದೆ. ಅಂದು ರಿಜಿಸ್ಟರಿನಲ್ಲಿ ಅದರ ವಿವರ ಬರೆಯುವುದು ನನ್ನ ಪಾಲಿಗೆ ಬಂತು. ಉದ್ದ, ಅಗಲ, ಆಳ, ತಲೆ ಯಾವ ದಿಕ್ಕು, ಎಲ್ಲ ಬರೆದೆ. ಷರಾ ಎಂಬ ಕೊನೆಯ ಕಾಲಮಿನಲ್ಲಿ ಸ್ವಲ್ಪ ಹೊತ್ತು ಕಲಮು ನಿಂತಿತು. ಆಮೇಲೆ ಬರೆದೆ: ಈ ಭಾಗದ ಹೆಂಗಸರು ಈಗಲೂ ಹೀಗೆ ಇಡುತ್ತಾರೆ, ಇಡುವಾಗ ಎಣ್ಣೆ ಹಚ್ಚಿ ಎರೆಯುತ್ತಾರೆ, ಇಟ್ಟವಳು ಅದರ ಮಗ್ಗುಲಲ್ಲೇ ಮಲಗುತ್ತಾಳೆ. ಸಾಹೇಬರು ಓದಿ, ಯಾರು ಹೇಳಿದರು ಎಂದರು. ನಮ್ಮವ್ವ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಕೆಲಸ ಬಿಟ್ಟುಬಿಡಲೇ ಎಂದು ಮೂರು ದಿನ ಯೋಚಿಸಿದೆ, ಅಕ್ಕಾ. ಬಿಡುವುದಿಲ್ಲ. ಆದರೆ ಇನ್ನು ಮುಂದೆ ಕುಣಿಯಲ್ಲಿ ಕೂತು ನಗುವುದಿಲ್ಲ. ಅಗೆಯುವ ಮೊದಲು ಊರಿನ ಮುದುಕಿಯರನ್ನು ಕೇಳುತ್ತೇನೆ.

ಈಗ ನಿನ್ನಲ್ಲಿ ಬೇಡುವುದು ಒಂದೇ. ಬಾ. ಗದಗಿನಲ್ಲಿ ಗಾಡಿ ಬದಲಿಸಿ ಕೊಪ್ಪಳದಲ್ಲಿ ಇಳಿ, ದಿನ ತಿಳಿಸಿದರೆ ಅಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಸ್ಟೇಶನ್ನಿಗೆ ಬರುತ್ತಾನೆ. ಆ ಮೂಲೆಯನ್ನು ಏನು ಮಾಡಬೇಕೆಂದು ಹೇಳುವವಳು ನೀನು, ಬೇರೆ ಯಾರೂ ಅಲ್ಲ. ಇರಲಿ ಎಂದರೆ ಇರುತ್ತದೆ. ತೆಗೆದು ತೋರಿಸು ಎಂದರೆ ನನ್ನ ಕೈ ಏಳುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಇಲ್ಲ ಎನ್ನುವ ಹಕ್ಕು ನನಗಿಲ್ಲ. ಅವ್ವನನ್ನು ಬೈಯುವುದಾದರೆ ಬಂದು ಬೈ, ಅವಳು ಕೇಳಿಸಿಕೊಳ್ಳಲು ತಯಾರಾಗಿ ಕೂತಿದ್ದಾಳೆ. ಹುಲಿಗ್ಯಾನನ್ನು ಕರೆದುಕೊಂಡು ಬಾ. ಅವನಿಗೆಂದು ಅಪ್ಪ ಕಿನ್ನಾಳಕ್ಕೆ ಹೋಗಿ ಬಣ್ಣದ ಕಟ್ಟಿಗೆಯ ಕುದುರೆ ತರುತ್ತೇನೆ ಎಂದು ಕುಣಿಯುತ್ತಿದ್ದಾನೆ. ಎಂಟು ವರ್ಷದ ಹುಡುಗ ಕುದುರೆ ಆಡುತ್ತಾನೆಯೇ ಎಂದರೆ ಕೇಳುವುದಿಲ್ಲ.

ಭಾವನವರಿಗೆ ನನ್ನ ನಮಸ್ಕಾರ, ಹುಲಿಗ್ಯಾನ ಕೆನ್ನೆಗೆ ಒಂದು ಮುತ್ತು. ಅಪ್ಪ ಅವ್ವ ನಿಮ್ಮ ಮೂವರ ತಲೆಯ ಮೇಲೂ ಕೈ ಇಟ್ಟಿದ್ದಾರೆಂದು ತಿಳಿ. ನಾನು ನಿನ್ನ ಪಾದ ಮುಟ್ಟಿದ್ದೇನೆ.

ನಿನ್ನ ತಮ್ಮ,
ಓಬಳೆಪ್ಪ

ತಾ.ಕ.: ಟಪಾಲಿನವನು ಸೈಕಲ್ ಹಿಡಿದು ಡೇರೆಯ ಬಾಗಿಲಲ್ಲಿ ನಿಂತಿದ್ದಾನೆ, ಮಡಿಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಇದೊಂದು ಮಾತು ಮಾತ್ರ ಬರೆಯಬೇಡ, ಅವಳು ತಡೆಯಲಾರಳು ಎಂದು ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನಿಂದ ಮುಚ್ಚಿಡಲು ಆಗುವುದಿಲ್ಲ. ಕೂಸು ಸತ್ತು ಹುಟ್ಟಿರಲಿಲ್ಲ, ಅಕ್ಕಾ. ಹೆಣ್ಣು. ಮರುದಿನ ಹೊತ್ತು ನೆತ್ತಿಗೆ ಬರುವ ತನಕ ಜೀವ ಇತ್ತು. ಪಾರಮ್ಮ ನಿನ್ನ ಮಗ್ಗುಲಲ್ಲಿ ಮಲಗಿಸಿದ್ದಳು. ಎರಡು ಸಲ ನಿನ್ನ ಎದೆ ಚೀಪಿತು. ನಿನಗೆ ಎಚ್ಚರವಿರಲಿಲ್ಲ, ಆದರೂ ಅದರ ಬೆನ್ನ ಮೇಲೆ ಕೈ ಇಟ್ಟು ಹತ್ತಿರಕ್ಕೆ ಎಳೆದುಕೊಂಡೆಯಂತೆ.